ಮಡಿ ಸೀರೆಯ ಲೆಕ್ಕ

ಇವತ್ತಿನ ವಿಷಯ ರೇಷ್ಮೆ.

ದೇವಸ್ಥಾನಕ್ಕೆ ಹೋದಾಗ ಚರ್ಮದ ಚಪ್ಪಲಿ ಹೊರಗೆ ಬಿಡ್ತೀವಿ. ರೇಷ್ಮೆ ಸೀರೆ, ರೇಷ್ಮೆ ಪಂಚೆ ಮಾತ್ರ ನೇರ ಒಳಗೆ ಹೋಗುತ್ತೆ, ಅದು ಮಡಿ. ಎರಡೂ ಪ್ರಾಣಿಯಿಂದಲೇ ಬಂದದ್ದು. ಚರ್ಮ ಮಾಂಸಕ್ಕೆಂದು ಕಡಿದ ಪ್ರಾಣಿಯದ್ದಾದರೂ ಆಗಿರಬಹುದು. ರೇಷ್ಮೆಯಲ್ಲಿ ನೂಲಿಗೋಸ್ಕರವೇ ಜೀವ ತೆಗೀತಾರೆ.

ಹುಳ ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆದು, ಚಂದ್ರಿಕೆಯಲ್ಲಿ ಗೂಡು ಕಟ್ಟುತ್ತೆ. ಗೂಡೆಲ್ಲ ನೂರಾರು ಮೀಟರ್ ಉದ್ದದ ಒಂದೇ ಎಳೆ. ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿ ಬಂದರೆ ಎಳೆ ತುಂಡಾಗುತ್ತೆ. ಅದಕ್ಕೇ ಮೊದಲೇ ಬಿಸಿಗಾಳಿಯಲ್ಲೋ ಹಬೆಯಲ್ಲೋ ಕೊಂದು, ಗೂಡನ್ನು ಬೇಯಿಸಿ ನೂಲು ಬಿಚ್ಚುತ್ತಾರೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸುಮಾರು 7 ಕಿಲೋ ಗೂಡು ಬೇಕು. ಒಂದು ಗೂಡಿನ ತೂಕ 2 ಗ್ರಾಂ ಒಳಗೆ. ಅರ್ಧ ಕಿಲೋ ರೇಷ್ಮೆಯ ಸೀರೆಗೆ ನೀವೇ ಲೆಕ್ಕ ಹಾಕಿ: ಹತ್ತಿರ ಹತ್ತಿರ 2,000 ಜೀವ.

ಹಾಗಾದ್ರೆ ಅಹಿಂಸಾ ರೇಷ್ಮೆ? ನಾನಿರೋ ಹೈದರಾಬಾದಿನವರೇ ಆದ ಕುಸುಮ ರಾಜಯ್ಯ ಈ ದಾರಿ ತೋರಿಸಿದರು. ಚಿಟ್ಟೆ ಹೊರಗೆ ಹೋದ ಮೇಲೆ ಉಳಿದ ಗೂಡನ್ನು ಹತ್ತಿಯ ಹಾಗೆ ನೂಲೋದು. ಹೊಳಪು ಕಡಿಮೆ, ಬೆಲೆ ಜಾಸ್ತಿ. ಒಳ್ಳೆಯ ಪ್ರಯತ್ನವೇ. ಆದರೆ ಸಾವಿರಾರು ವರ್ಷ ಮನುಷ್ಯ ಸಾಕಿದ ಈ ಚಿಟ್ಟೆಗೆ ಹಾರಲು ಬರಲ್ಲ, ಅದು ಏನೂ ತಿನ್ನಲ್ಲ, ಕೆಲವೇ ದಿನ ಬದುಕುತ್ತೆ. ಒಂದು ಹೆಣ್ಣು 400-500 ಮೊಟ್ಟೆ ಇಡುತ್ತೆ. ಅಷ್ಟೂ ಮರಿಗಳಿಗೆ ಸೊಪ್ಪು ಹಾಕೋರು ಯಾರು? ಹಾಕದಿದ್ದರೆ ಸಾವು ಒಂದು ತಲೆಮಾರು ಮುಂದಕ್ಕೆ ಹೋಯ್ತು, ಅಷ್ಟೆ.

ಇನ್ನು ಪಾಲಿಯೆಸ್ಟರ್. ಅದು ಪೆಟ್ರೋಲಿಯಂ, ಪ್ರತಿ ಸಲ ಒಗೆದಾಗಲೂ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರ್ತವೆ. ಮತ್ತೆ ನಾವೆಲ್ಲ ರೇಷ್ಮೆ ಬಿಟ್ಟರೆ ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ತರೋ ಸಣ್ಣ ರೈತನ ಕಥೆ ಏನು? ವರ್ಷಕ್ಕೆ ಹಲವು ಬೆಳೆ, ಕೈಗೆ ಆಗಾಗ ದುಡ್ಡು ಕೊಡೋ ಕಸುಬು ಅದು.

ಯಾರಿಗೂ ನೋವಾಗದ ಬಟ್ಟೆ ಅಂಗಡಿಯಲ್ಲಿ ಸಿಗಲ್ಲ. ಎಷ್ಟು ಕೊಳ್ತೀವಿ, ಎಷ್ಟು ವರ್ಷ ಉಡ್ತೀವಿ ಅನ್ನೋದು ಮಾತ್ರ ನಮ್ಮ ಕೈಲಿದೆ. ಮುಂದಿನ ವರ್ಷ ತಂಗಿ ಮದುವೆ. ನೆಂಟರಿಗೆ ಕೊಡೋಕೆ ಅಂತ ಅಮ್ಮನ ಪಟ್ಟಿಯಲ್ಲಿ ಹದಿನಾಲ್ಕು ರೇಷ್ಮೆ ಸೀರೆ ಇವೆ. ಬಹಳಷ್ಟು ಒಂದು ಸಲ ಉಟ್ಟು ಬೀರು ಸೇರೋವು. ಮದುಮಗಳಿಗೆ ಒಂದು ರೇಷ್ಮೆ, ಉಳಿದವರಿಗೆ ಉಡುಪಿಯ ಕೈಮಗ್ಗದ ಹತ್ತಿ ಸೀರೆ ಅಂತ ನಾನಂದೆ. "ಜನ ಏನಂತಾರೋ" ಅಂದರು ಅಮ್ಮ. ಮಾತುಕತೆ ಇನ್ನೂ ನಡೀತಿದೆ.

ನಿಮ್ಮ ಮನೆಯಲ್ಲೂ ಅಂಥ ಪಟ್ಟಿ ಇರುತ್ತೆ. ಒಂದು ಸಲ 2,000ದಿಂದ ಗುಣಿಸಿ ನೋಡಿ.