ಎ.ಬಿ.ಎಸ್. ದೀಪ ಮತ್ತು ರಿಲೇ ದೋಷ



ತುರ್ಭೆಯ ಸಗಟು ಮಾರುಕಟ್ಟೆಯ ಸುತ್ತಲಿನ ರಸ್ತೆಗಳಲ್ಲಿ ಮಳೆಗಾಲದಂದು ಲಾರಿಗಳ ನಡುವೆ ಕಾರು ನಡೆಸುವವರಿಗೆ ಬ್ರೇಕೇ ಜೀವರಕ್ಷಕ. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಬಲವಾಗಿ ಒತ್ತಿದಾಗ ಚಕ್ರಗಳು ಉರುಳದೆ ಜಾರತೊಡಗಿದರೆ, ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗದು. ಇದನ್ನು ತಡೆಯುವ ವ್ಯವಸ್ಥೆಯೇ ಎ.ಬಿ.ಎಸ್. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಗಿದೆ.

ಪ್ರತಿ ಚಕ್ರದ ವೇಗವನ್ನು ಸಂವೇದಕಗಳು ಅಳೆಯುತ್ತವೆ. ಚಕ್ರವು ಬಿಗಿದುಕೊಳ್ಳುವ ಸೂಚನೆ ದೊರೆತೊಡನೆ ನಿಯಂತ್ರಣ ಘಟಕವು ಕವಾಟಗಳ ಮೂಲಕ ಬ್ರೇಕಿನ ಒತ್ತಡವನ್ನು ಕ್ಷಣಮಾತ್ರ ಇಳಿಸಿ ಮತ್ತೆ ಏರಿಸುತ್ತದೆ. ಈ ಕವಾಟಗಳಿಗೂ ಪಂಪಿನ ಮೋಟಾರಿಗೂ ವಿದ್ಯುತ್ತನ್ನು ಹಾಯಿಸುವ ಸ್ವಿಚ್ಚೇ ರಿಲೇ. ಅದರ ಸುರುಳಿಯಲ್ಲಿ ಅಲ್ಪ ವಿದ್ಯುತ್ ಹರಿದಾಗ ಒಳಗಿನ ಸಂಪರ್ಕ ಬಿಂದುಗಳು ಕೂಡಿಕೊಂಡು, ಹೆಚ್ಚಿನ ವಿದ್ಯುತ್ ಹರಿಯಲು ದಾರಿಯಾಗುತ್ತದೆ. ಬಿಂದುಗಳು ಸುಟ್ಟರೆ ಅಥವಾ ತೇವದಿಂದ ಕಿಲುಬು ಹಿಡಿದರೆ ವಿದ್ಯುತ್ ಪೂರೈಕೆ ಕುಂದುತ್ತದೆ. ಇದನ್ನು ಗುರುತಿಸಿದ ನಿಯಂತ್ರಣ ಘಟಕವು ಎ.ಬಿ.ಎಸ್. ಅನ್ನು ನಿಲ್ಲಿಸಿ ಹಳದಿ ದೀಪವನ್ನು ಉರಿಸುತ್ತದೆ.

ದೀಪ ಉರಿದ ಮಾತ್ರಕ್ಕೆ ದುಬಾರಿಯಾದ ಇಡೀ ಘಟಕವನ್ನು ಬದಲಾಯಿಸಬೇಕಾಗಿಲ್ಲ. ತಪಾಸಣೆಗೆ ಒಂದು ಕ್ರಮವಿದೆ. ಮೊದಲು ಸ್ಕ್ಯಾನರ್ ಉಪಕರಣದಿಂದ ದೋಷಸಂಕೇತವನ್ನು ಓದಬೇಕು. ಬಳಿಕ ಬ್ಯಾಟರಿ, ಫ್ಯೂಸ್ ಮತ್ತು ಅರ್ಥ್ ತಂತಿಗಳನ್ನು ಪರೀಕ್ಷಿಸಬೇಕು. ಎಂಜಿನ್ ನಿಲ್ಲಿಸಿದಾಗ ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅನಂತರ ರಿಲೇಯನ್ನು ಹೊರತೆಗೆದು, ಮಲ್ಟಿಮೀಟರಿನಿಂದ ಸುರುಳಿಯ ರೋಧವನ್ನು ಅಳೆದು, ತಯಾರಕರ ಕೈಪಿಡಿಯಲ್ಲಿರುವ ಅಂಕಿಯೊಡನೆ ಹೋಲಿಸಬೇಕು.

ಸುರುಳಿಗೆ ವಿದ್ಯುತ್ ಕೊಟ್ಟಾಗ 'ಟಿಕ್' ಎಂಬ ಸದ್ದು ಬಂದರೆ ರಿಲೇ ಸರಿಯಿದೆಯೆಂದು ಹಲವರು ತೀರ್ಮಾನಿಸುತ್ತಾರೆ. ಇದು ಸರಿಯಲ್ಲ. ಸುರುಳಿ ಕೆಲಸ ಮಾಡುತ್ತಿದೆ ಎಂಬುದನ್ನಷ್ಟೇ ಆ ಸದ್ದು ತಿಳಿಸುತ್ತದೆ. ಬಿಂದುಗಳು ಸುಟ್ಟಿದ್ದರೂ ಸದ್ದು ಕೇಳಿಸಬಹುದು. ಆದ್ದರಿಂದ ಮೋಟಾರು ಓಡುತ್ತಿರುವಾಗಲೇ ಬಿಂದುಗಳ ನಡುವಿನ ವೋಲ್ಟೇಜ್ ಇಳಿತವನ್ನು ಅಳೆಯಬೇಕು. ಇಳಿತ ಹೆಚ್ಚಿದ್ದರೆ ದೋಷ ರಿಲೇಯಲ್ಲಿಯೇ ಇದೆ. ಅನೇಕ ಕಾರುಗಳಲ್ಲಿ ರಿಲೇಯು ನಿಯಂತ್ರಣ ಘಟಕದೊಳಗೇ ಅಡಕವಾಗಿರುತ್ತದೆ. ಅಂಥ ಘಟಕವನ್ನು ಬಿಚ್ಚುವ ಕೆಲಸ ನುರಿತ ತಂತ್ರಜ್ಞರಿಗೇ ಸೇರಿದ್ದು.

ಹಳದಿ ದೀಪವೊಂದೇ ಉರಿಯುತ್ತಿದ್ದರೆ ಸಾಮಾನ್ಯ ಬ್ರೇಕು ಕೆಲಸ ಮಾಡುತ್ತದೆ. ಆದರೆ ಚಕ್ರಗಳು ಬಿಗಿದುಕೊಂಡು ಜಾರುವ ಅಪಾಯವಿದೆ. ಮುಂದಿನ ವಾಹನದಿಂದ ಹೆಚ್ಚು ಅಂತರವಿರಿಸಿ, ನಿಧಾನವಾಗಿ ಚಲಿಸಿ, ಬೇಗನೆ ತಪಾಸಣೆ ಮಾಡಿಸಬೇಕು. ಕೆಂಪು ಬ್ರೇಕ್ ದೀಪವೂ ಜೊತೆಗೆ ಉರಿದರೆ ಸುರಕ್ಷಿತ ಸ್ಥಳದಲ್ಲಿ ವಾಹನವನ್ನು ನಿಲ್ಲಿಸಿ, ಮುಂದೆ ಚಲಾಯಿಸದೆ ತಂತ್ರಜ್ಞರನ್ನು ಕರೆಸಬೇಕು. ದೀಪದ ಬಲ್ಬನ್ನು ಕಿತ್ತು ಸಮಾಧಾನಪಡುವುದು ಅಪಾಯವನ್ನು ಮರೆಮಾಚಿದಂತೆಯೇ ಹೊರತು ನಿವಾರಿಸಿದಂತಲ್ಲ.