ಪಂಚಮಿಯ ಉಂಡಿ, ಹಕ್ಕು ಬಿಡುಗಡೆಯ ಸಹಿ
(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನ್ಯಾಯವಾದಿಯೊಬ್ಬರು ನೀಡಿದ ಉಪನ್ಯಾಸ)

 

ದಿನನಿತ್ಯದ ಕಾನೂನಿನ ಬಗ್ಗೆ ಮಾತಾಡಲು ಪೂಜ್ಯರು ಅಪ್ಪಣೆ ಕೊಟ್ಟಿದ್ದಾರೆ. ನಮ್ಮ ಕಚೇರಿಗೆ ಬಾಡಿಗೆ ಕರಾರು, ಚೆಕ್ ಬೌನ್ಸ್, ಬದುವಿನ ಜಗಳ ಎಲ್ಲವೂ ಬರುತ್ತವೆ. ಪಂಚಮಿ ಹತ್ತಿರ ಬಂತು, ಆದ್ದರಿಂದ ಇಂದು ಒಂದೇ ವಿಷಯ.

ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುತ್ತಾನೆ. ಉಂಡಿ, ಜೋಕಾಲಿ, ಹೊಸ ಸೀರೆ. ಹಬ್ಬ ಮುಗಿದ ಮೇಲೆ, "ಒಂದು ಸಹಿ ಐತಿ, ಬಾರವ್ವ" ಎಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಯುತ್ತಾನೆ. ಏನೆಂದು ಕೇಳಿದರೆ, "ಅಪ್ಪನ ಹೆಸರಿನ ಹೊಲದ ಪಹಣಿ ಬದಲಾಗಬೇಕು, ಅಷ್ಟೇ." ಎಷ್ಟೋ ವರ್ಷದ ಮೇಲೆ ಗಂಡ ತೀರಿ, ಮಕ್ಕಳ ಓದಿಗೆ ದುಡ್ಡಿಲ್ಲದೆ ಆ ತಾಯಿ ನಮ್ಮ ಮುಂದೆ ಬಂದು ಕೂರುತ್ತಾಳೆ. ಕಾಗದ ಬಿಚ್ಚಿದರೆ ಅದು ಹಕ್ಕು ಬಿಡುಗಡೆ ಪತ್ರ. ನೋಂದಣಿಯಾದ ಪತ್ರವನ್ನು ರದ್ದು ಮಾಡಿಸಬೇಕಾದರೆ ಮೋಸವನ್ನು ಕೋರ್ಟಿನಲ್ಲಿ ಸಾಬೀತುಪಡಿಸಬೇಕು. ಮೋಸ ತಿಳಿದ 3 ವರ್ಷದೊಳಗೆ ದಾವೆ ಹಾಕಬೇಕು. ಒಡಹುಟ್ಟಿದವನ ವಿರುದ್ಧ ಕಟಕಟೆ ಹತ್ತುವುದು ಯಾವ ಹೆಣ್ಣುಮಗಳಿಗೂ ಸುಲಭವಲ್ಲ.

ಕಾನೂನು ಏನು ಹೇಳುತ್ತದೆ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನ ಸರಿಸಮ ಸ್ಥಾನ ಕೊಟ್ಟಿರಲಿಲ್ಲ. ಕರ್ನಾಟಕ 1994ರಲ್ಲಿ ಕೊಟ್ಟಿತು, ಆದರೆ ಆಗ ಮದುವೆಯಾಗದಿದ್ದವರಿಗೆ ಮಾತ್ರ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಮದುವೆಯಾಗಿರಲಿ, ಬಿಡಲಿ, ಮಗಳು ಹುಟ್ಟಿನಿಂದಲೇ ಪಾಲುದಾರಳು. ಅಂದು ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿದೆ: ಬದುಕಿರಬೇಕಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಸರಿಯಾಗಿ ಆದ ವಾಟಣಿ, ಮಾರಾಟಗಳನ್ನು ಮಾತ್ರ ಕೆದಕುವಂತಿಲ್ಲ. "ಹಿರಿಯರು ಬಾಯಿಮಾತಿನಲ್ಲಿ ಹಂಚಿದ್ದರು" ಎಂಬ ವಾದವನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ತಂದೆ ಸ್ವಂತ ದುಡಿಮೆಯಿಂದ ಗಳಿಸಿದ್ದನ್ನು ಯಾರಿಗಾದರೂ ಮರಣಪತ್ರ ಬರೆಯಬಹುದು. ಬರೆಯದೆ ತೀರಿದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವರ ತಾಯಿ, ಎಲ್ಲರಿಗೂ ಸಮಪಾಲು. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಬಂದ ಮಾತ್ರಕ್ಕೆ ತಂಗಿಯ ಹಕ್ಕು ಹೋಗುವುದಿಲ್ಲ. ಸಹಿಯಿಂದ ಹೋಗುತ್ತದೆ.

ಒಬ್ಬರು ನನ್ನನ್ನು ಕೇಳಿದರು, "ನಮ್ಮದು ಸ್ವತಂತ್ರ ಧರ್ಮ, ಹಿಂದೂ ಕಾಯ್ದೆ ನಮಗ್ಯಾಕೆ?" ಧರ್ಮದ ಮಾನ್ಯತೆಯ ಹೋರಾಟ ಬೇರೆ. ಈ ಕಾಯ್ದೆಯ 2ನೇ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂದು ಹೆಸರು ಹಿಡಿದೇ ಬರೆದಿದೆ. ಆ ಮನುಷ್ಯರಿಗೆ ಇದ್ದದ್ದು ಮೂರು ಜನ ತಂಗಿಯರು ಎಂಬುದು ನನಗೆ ಆಮೇಲೆ ಗೊತ್ತಾಯಿತು!

"ಮದುವೆಯಲ್ಲಿ ವರದಕ್ಷಿಣೆ ಕೊಟ್ಟು ಮುಗಿಸಿದ್ದೇವೆ" ಎನ್ನುವ ಅಣ್ಣಂದಿರೂ ಇದ್ದಾರೆ. 1961ರ ಕಾಯ್ದೆಯ ಪ್ರಕಾರ ಕೊಡುವುದೂ ಅಪರಾಧವೇ. ಪಾಲನ್ನು ತಪ್ಪಿಸಲು ತಪ್ಪೊಪ್ಪಿಗೆ ಕೊಟ್ಟ ಹಾಗಾಯಿತು.

ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ತನಗೂ ಬೇಡವೆಂದು ಬಸವಣ್ಣನವರು ಮನೆ ಬಿಟ್ಟರೆಂಬ ಕಥೆಯನ್ನು ನಾವೆಲ್ಲ ಕೇಳುತ್ತ ಬೆಳೆದವರು. ಹೊಲದ ವಿಷಯ ಬಂದಾಗ ಆ ಕಥೆ ನಮಗೇಕೆ ನೆನಪಾಗುವುದಿಲ್ಲ?

ತಾಯಂದಿರ ಅಂಜಿಕೆ ನನಗೆ ಗೊತ್ತು. ಪಾಲು ಕೇಳಿದರೆ ತವರು ಮುರಿಯುತ್ತದೆ. ನೀವು ಮನಸಾರೆ ಬಿಟ್ಟುಕೊಟ್ಟರೆ ಅದು ನಿಮ್ಮ ಔದಾರ್ಯ, ನಾನು ಬೇಡವೆನ್ನುವುದಿಲ್ಲ. ಆದರೆ ಕಾಗದವನ್ನು ಮೊದಲು ಮನೆಗೆ ತನ್ನಿ, ಓದಿಸಿ ಕೇಳಿ, ಎಷ್ಟು ಎಕರೆ ಬಿಡುತ್ತಿದ್ದೀರಿ ಎಂದು ತಿಳಿದು, ನಂತರ ಸಹಿ ಮಾಡಿ. ಅಣ್ಣಂದಿರೇ, ಓದಿ ಹೇಳುವ ಕೆಲಸ ನಿಮ್ಮದು.

ವಕೀಲರ ಫೀ ಕೊಡಲಾಗದೆಂದು ಸುಮ್ಮನಿರಬೇಡಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಇಂದು ಪ್ರಸಾದವಾದ ಮೇಲೆ ನಾನೂ ನನ್ನ ಸಹೋದ್ಯೋಗಿಗಳೂ ದಾಸೋಹ ಮನೆಯ ಪಕ್ಕದ ಕೋಣೆಯಲ್ಲಿ ಒಂದು ತಾಸು ಇರುತ್ತೇವೆ. ಕಾಗದ ತಂದವರು ತೋರಿಸಿ.