ಹುಡುಗನ ಪ್ರಶ್ನೆ ಮತ್ತು ಗ್ರಂಥಗಳ ಆಕಾಶ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತಿನ ಬರಹರೂಪ)



1980ರ ಫೆಬ್ರವರಿ 16ರಂದು ನಮ್ಮ ಜಿಲ್ಲೆಯ ಅಂಕೋಲಾ ಕಡೆ ಹಗಲಲ್ಲೇ ಕತ್ತಲಾಯಿತು. ಪೂರ್ಣ ಸೂರ್ಯಗ್ರಹಣ. ಅದನ್ನು ನೋಡಲು ದೂರದೂರದಿಂದ ಜನ ಬಂದಿದ್ದರು. ಇದೇ ಶಾಲೆಯಲ್ಲಿ ಓದುತ್ತಿದ್ದ ನಾನು ಮಾತ್ರ ಬಾಗಿಲು ಹಾಕಿದ ಮನೆಯೊಳಗೆ, ದರ್ಭೆ ಹಾಕಿಟ್ಟ ನೀರಿನ ಕೊಡದ ಪಕ್ಕ ಕೂತಿದ್ದೆ.

ಮುಂದೆ ಬೇರೆ ಊರಿನಲ್ಲಿ ವಿಜ್ಞಾನ ಶಿಕ್ಷಕನಾದೆ. ಒಂದು ದಿನ ಸೌರಮಂಡಲದ ಪಾಠದ ನಡುವೆ ಕ್ರೈಸ್ತ ಹುಡುಗನೊಬ್ಬ ಎದ್ದು ನಿಂತ. "ಸರ್, ನಮ್ಮ ಬೈಬಲ್ಲಿನಲ್ಲಿ ಬೆಳಕು ಆಗಿದ್ದು ಮೊದಲನೇ ದಿನ, ಸೂರ್ಯ ಆಗಿದ್ದು ನಾಲ್ಕನೇ ದಿನ. ಹಾಗಾದರೆ ಮೊದಲ ಮೂರು ದಿನ ಎಣಿಸಿದ್ದು ಹೇಗೆ?" ತರಗತಿ ನಕ್ಕಿತು. ನಾನೂ ನಕ್ಕೆ. "ಅದನ್ನು ಪಾದ್ರಿಗಳ ಹತ್ತಿರ ಕೇಳು, ಇದು ವಿಜ್ಞಾನದ ಪಿರಿಯಡ್" ಎಂದೆ. ಆ ವರ್ಷವಿಡೀ ಅವನು ನನ್ನ ಪಾಠದಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ.

ಎಷ್ಟೋ ವರ್ಷದ ಮೇಲೆ ಓದುವಾಗ ತಿಳಿಯಿತು: ಮೂರನೆಯ ಶತಮಾನದಲ್ಲೇ ಒರಿಜೆನ್ ಎಂಬ ಕ್ರೈಸ್ತ ಪಂಡಿತ ಇದೇ ಪ್ರಶ್ನೆ ಎತ್ತಿದ್ದ. ಅದನ್ನು ಅಕ್ಷರಶಃ ತೆಗೆದುಕೊಳ್ಳಬಾರದು ಎಂದೂ ಹೇಳಿದ್ದ. ನಾನು ನಕ್ಕಿದ್ದು ಅಷ್ಟು ಹಳೆಯ ಪ್ರಶ್ನೆಗೆ.

ಆಮೇಲೆ ಗ್ರಂಥಗಳನ್ನೇ ತೆರೆದು ನೋಡಿದೆ. ಯಹೂದಿಗಳಿಗೂ ಕ್ರೈಸ್ತರಿಗೂ ಪವಿತ್ರವಾದ ಆದಿಕಾಂಡದಲ್ಲಿ ಆಕಾಶ ಒಂದು ಗುಮ್ಮಟದಂಥದ್ದು. ಅದರ ಮೇಲೂ ನೀರು, ಕೆಳಗೂ ನೀರು. ಜಲಪ್ರಳಯದಲ್ಲಿ ಮೇಲಿನ ಕಿಟಕಿಗಳು ತೆರೆದುಕೊಳ್ಳುತ್ತವೆ. ನಮ್ಮ ಆಷಾಢ ಕಂಡವರಿಗೆ ಇದನ್ನು ನಂಬುವುದು ಕಷ್ಟವೇನಲ್ಲ! ಆದರೆ ಅಲ್ಲೊಂದು ಸ್ವಾರಸ್ಯವಿದೆ. ಸುತ್ತಲಿನ ಜನ ಸೂರ್ಯ ಚಂದ್ರರನ್ನು ದೇವರೆಂದು ಪೂಜಿಸುತ್ತಿದ್ದ ಕಾಲದಲ್ಲಿ ಆ ಅಧ್ಯಾಯ ಅವುಗಳ ಹೆಸರನ್ನೇ ಎತ್ತುವುದಿಲ್ಲ. ದೊಡ್ಡ ಬೆಳಕು, ಚಿಕ್ಕ ಬೆಳಕು, ಅಷ್ಟೇ. ದಿನ, ಋತು, ವರ್ಷ ಗುರುತಿಸಲು ಇಟ್ಟ ದೀಪಗಳು.

ಯೆಹೋಶುವನ ಯುದ್ಧದಲ್ಲಿ ಸೂರ್ಯ ನಿಂತನೆಂಬ ಕಥೆಯಿಂದ ಗೆಲಿಲಿಯೋಗೆ ತೊಂದರೆಯಾದದ್ದು ನಿಮಗೆ ಗೊತ್ತು. 1633ರಲ್ಲಿ ಶಿಕ್ಷೆ, ತಪ್ಪಾಯಿತೆಂದು ಪೋಪರು ಒಪ್ಪಿದ್ದು 1992ರಲ್ಲಿ. ಇದನ್ನು ಹೇಳಿ ನಾವು ಬೀಗುವುದು ಬೇಡ. ನಮ್ಮ ಪುರಾಣದಲ್ಲೂ ಮೇರುಪರ್ವತವಿದೆ, ನುಂಗುವ ರಾಹುವಿದ್ದಾನೆ. ಭೂಮಿಯೇ ತಿರುಗುತ್ತದೆ ಎಂದ ಆರ್ಯಭಟನನ್ನು ಬ್ರಹ್ಮಗುಪ್ತನಂಥ ಗಣಿತಜ್ಞನೇ ಒಪ್ಪಲಿಲ್ಲ. ಬಾಗಿಲು ಹಾಕಿಕೊಂಡು ಕೂತಿದ್ದವನು ನಾನಂತೂ ಬೀಗುವ ಹಾಗೇ ಇಲ್ಲ.

ನನಗೆ ಹೆಚ್ಚು ಹಿಡಿಸಿದ್ದು ತಿಂಗಳ ಲೆಕ್ಕ. ಚಂದ್ರನ ಹನ್ನೆರಡು ತಿಂಗಳಿಗೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಈ ಸಾಲ ತೀರಿಸಬೇಕಲ್ಲ! ನಾವು ಸುಮಾರು 33 ತಿಂಗಳಿಗೊಮ್ಮೆ ಅಧಿಕಮಾಸ ಹಾಕುತ್ತೇವೆ. ಯಹೂದಿಗಳು 19 ವರ್ಷದಲ್ಲಿ ಏಳು ಸಲ ತಿಂಗಳು ಸೇರಿಸುತ್ತಾರೆ, ಏಕೆಂದರೆ ಅವರ ಪಸ್ಕ ಹಬ್ಬ ವಸಂತದಲ್ಲೇ ಬರಬೇಕು. ಎರಡು ಲೆಕ್ಕವೂ ಹತ್ತಿರ ಹತ್ತಿರ ಒಂದೇ. ಕ್ರೈಸ್ತರ ಈಸ್ಟರ್ ಮಾರ್ಚ್ 21ರ ಆಚೆ ಬರುವ ಹುಣ್ಣಿಮೆಯ ನಂತರದ ಭಾನುವಾರ. ಕುರಾನಿನಲ್ಲಿ ಸೂರ್ಯ ಚಂದ್ರರು ತಂತಮ್ಮ ಪಥದಲ್ಲಿ ಈಜುತ್ತಾರೆ. ಬಾಲಚಂದ್ರ ಮನುಷ್ಯರ ಕಾಲಗಣನೆಗೆ. ಆದರೆ ತಿಂಗಳು ಹಿಂದೆಮುಂದೆ ಮಾಡುವುದನ್ನು ಅದು ನಿಷೇಧಿಸುತ್ತದೆ. ಹೀಗಾಗಿ ರಂಜಾನ್ ಪ್ರತಿವರ್ಷ ಹಿಂದೆ ಸರಿಯುತ್ತ, ಮಳೆ, ಚಳಿ, ಬೇಸಿಗೆ ಎಲ್ಲವನ್ನೂ ಹಾದು ಸುಮಾರು 33 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತದೆ. ನಮಗೆ 33 ತಿಂಗಳು, ಅವರಿಗೆ 33 ವರ್ಷ. ಅದೇ 11 ದಿನದ ಸಾಲ!

ಕೆಲವು ವರ್ಷ ಭಟ್ಕಳದಲ್ಲಿ ಒಂದು ದಿನ ಮೊದಲೇ ಹಬ್ಬ, ಬೆಂಗಳೂರಲ್ಲಿ ಮರುದಿನ. ಕಣ್ಣಿಗೆ ಚಂದ್ರ ಬಿದ್ದರೆ ತಾನೇ ತಿಂಗಳು ಹುಟ್ಟುವುದು. ಮೋಡವಿದ್ದರೆ ಬೇರೆ ಊರಿನ ಸುದ್ದಿ ಕೇಳಬೇಕು. ಇನ್ನು ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಒಂದೇ ಕಾಡಿನ ಮೇಲೆ ಒಂದೇ ಚಂದ್ರ, ಲೆಕ್ಕ ಮೂರು.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಸಿಕ್ಕರೆ ಒರಿಜೆನ್ನನ ಹೆಸರು ಹೇಳಿ, ಕ್ಷಮೆ ಕೇಳುವುದಿದೆ.

ಮಕ್ಕಳೇ, ನಿಮಗೊಂದು ಕೆಲಸ. ಅಮಾವಾಸ್ಯೆಯ ಮರುದಿನ ಸಂಜೆ ಶಾಲೆಯ ಮೈದಾನದಲ್ಲಿ ನಿಂತು ಪಡುವಣಕ್ಕೆ ನೋಡಿ. ಚಂದ್ರ ಕಂಡಿತೋ ಇಲ್ಲವೋ, ಪಟ್ಟಿಯಲ್ಲಿ ಬರೆದಿಡಿ. ಕಾಣದಿದ್ದರೆ ಮರುದಿನವೂ ನಿಲ್ಲಿ. ಪಕ್ಕದಲ್ಲಿ ಬಗ್ಗೋಣ ಪಂಚಾಂಗವನ್ನೂ ಒಂದು ಹಿಜರಿ ಕ್ಯಾಲೆಂಡರನ್ನೂ ಇಟ್ಟುಕೊಂಡು ತಾಳೆ ನೋಡಿ. ಏನಾದರೂ ಹೊಂದದಿದ್ದರೆ ಮಾಸ್ತರರನ್ನು ಕೇಳಿ. ಮಳೆಗಾಲ ಕಳೆದ ಮೇಲೆ ಶುರುಮಾಡಿದರೆ ಒಳ್ಳೆಯದು. ಅದಕ್ಕೂ ಮೊದಲು ಹೆಗಡೆಕಟ್ಟಾದಲ್ಲಿ ಚಂದ್ರ ಸಿಗುವುದು ಕಷ್ಟ.